ದಾವಲಸಾಬರು ಮತ್ತು ನಾಲ್ಕನೆಯ ಕಲ್ಲು

ದಾವಲಸಾಬರು ಗಿರಾಕಿಗೆ ಮೊದಲು ಕಲ್ಲಿನ ಬೆನ್ನು ತೋರಿಸುತ್ತಿದ್ದರು. ಕುಷ್ಟಗಿಯ ಆ ಗ್ರಾನೈಟ್ ಅಂಗಡಿಗೆ ಬಂದವರೆಲ್ಲ ಹೊಳೆಯುವ ಮುಖಕ್ಕೆ ಕೈ ಸವರುತ್ತ ನಿಂತರೆ, ಅವರು ಹಿಂದೆ ಹೋಗಿ ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಿನ ಗೆಣ್ಣಿನಿಂದ ನಾಲ್ಕು ಕಡೆ ಬಡಿದು ಕಿವಿಗೊಡುತ್ತಿದ್ದರು. "ಮುಖಕ್ಕ ಪಾಲಿಶ್ ಯಾರರ ಮಾಡ್ತಾರ್ರಿ. ಸೀಳು ಇದ್ರ ಬೆನ್ನಾಗ ಇರತೈತಿ" ಎನ್ನುವರು. ಸೀಳಿದ ಕಲ್ಲು ಒಡೆಯದಂತೆ ಹಿಂಬದಿಗೆ ಬಲೆ ಅಂಟಿಸಿದ್ದು ಕಂಡರೆ, "ಇದಕ್ಕ ಪಟ್ಟಿ ಕಟ್ಯಾರ, ದವಾಖಾನಿಂದ ಬಂದೈತಿ" ಎಂದು ಮುಂದಿನ ಕಲ್ಲಿಗೆ ನಡೆದುಬಿಡುವರು.

ಅರವತ್ತರ ಹತ್ತಿರದ ಒಣಕಲು ಮೈ. ರೆಪ್ಪೆಯ ಮೇಲೂ ಕಲ್ಲಿನ ಹುಡಿ. ಕಲ್ಲು ತೋರಿಸುವುದು, ಕೊಯ್ಯುವುದು, ಮನೆಗೆ ಬಂದು ಕೂರಿಸುವುದು, ಮೂರೂ ಅವರದೇ. ಒಮ್ಮೆ ಗಂಡಹೆಂಡತಿ ಇಬ್ಬರು ಕಾಡಿಗೆಯಂಥ ಕಪ್ಪು ಕಲ್ಲು ಒಪ್ಪಿಕೊಂಡಿದ್ದರು. ಇವರು ಬಿಳಿ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಎರಡು ಸಲ ತಿಕ್ಕಿದರು. ಬಟ್ಟೆ ಕಪ್ಪಾಯಿತು.

"ಬಣ್ಣ ಹಚ್ಯಾರವ್ವಾ. ನಾಳಿ ರೊಟ್ಟಿ ಹಿಟ್ಟು ಕರ್ರಗಾದ್ರ ನಿಮ್ಮತ್ತಿ ಬೈಯೂದು ನನಗಲ್ಲ, ನಿಮಗ."

ಅವರು ಹೋದ ಮೇಲೆ ಮಾಲೀಕ ಕೂಗಾಡಿದ. "ನೀ ನನ್ನ ಅಂಗಡ್ಯಾಗ ಅದೀಯೋ, ಬಾಜೂದವನ ಅಂಗಡ್ಯಾಗ ಅದೀಯೋ?"

"ಕಲ್ಲಿನ ಅಂಗಡ್ಯಾಗ ಅದೀನ್ರಿ" ಎಂದರು ದಾವಲಸಾಬರು, ಕೈ ಒರೆಸಿಕೊಳ್ಳುತ್ತ.

ಹನುಮಸಾಗರದ ನಮ್ಮ ತಾಯಿಯ ಮನೆಗೆ ಗ್ಯಾಸ್ ಕಟ್ಟೆ ಕೂರಿಸಿದ್ದು ಅವರೇ. ಆರು ತಿಂಗಳಾದ ಮೇಲೆ ಆ ದಾರಿಯಲ್ಲಿ ಹೊರಟವರು, ಕರೆಯದೆಯೇ ಒಳಗೆ ಬಂದು ಕಟ್ಟೆ ನೋಡಿದರು. ಅವ್ವ ಪಾಯಖಾನೆಗೆ ಹಾಕುವ ಆಸಿಡ್‌ನಿಂದ ಅದನ್ನು ತೊಳೆಯುತ್ತಿದ್ದಳು. ಹೊಳಪು ಅಲ್ಲಲ್ಲಿ ಸತ್ತಿತ್ತು. "ಯವ್ವಾ, ಮಾರಿ ತೊಳಿಯಾಕ ಆಸಿಡ್ ಹಾಕ್ತೀಯೇನು? ಸಾಬೂನಿನ ನೀರು ಸಾಕು. ಎಣ್ಣಿ ಬಿದ್ರ ಆವಾಗಿಂದ ಆವಾಗ ಒರಸು. ಸಿಂಕಿನ ಬಾಜೂಕ ಮಾತ್ರ ಏರಿ ನಿಂದರಬ್ಯಾಡ, ಕೊರದ ಜಾಗಾದಾಗ ಕಲ್ಲು ಭಾಳ ಬಡವ ಇರತೈತಿ" ಎಂದರು. ಅವ್ವ ನಾಚಿ, ಅವರಿಗೆ ಎರಡು ಸಲ ಚಹಾ ಕೊಟ್ಟಳು.

ಹಾಗಾಗಿ ಯಲಬುರ್ಗಾದಲ್ಲಿ ನಾವು ಮನೆ ಕಟ್ಟಿಸಿದಾಗ ನಾನು ಹೋದದ್ದು ಅವರ ಹತ್ತಿರಕ್ಕೇ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಅವರಿಗೆ ನಾನು 'ಅಕ್ಕಾರ', ನನಗೆ ಅವರು 'ಕಾಕಾ'.

ಸ್ಟ್ಯಾಂಡಿಗೆ ಸಾಲಾಗಿ ಒರಗಿಸಿದ ಕಲ್ಲುಗಳಲ್ಲಿ ಮುಂದಿನ ಮೂರೂ ನನಗೆ ಹಿಡಿಸಲಿಲ್ಲ. ನಾಲ್ಕನೆಯದರ ಅಂಚಿನಲ್ಲಿ ಒಂದು ಕೆಂಪು ಎಳೆ ಕಂಡಿತು.

"ಕಾಕಾ, ಅದನ್ನ ತೋರಸ್ರಿ."

"ಕ್ರೇನಿನಾಂವ ಗಂಗಾವತಿಗೆ ಹೋಗ್ಯಾನ್ರಿ. ಕೈಲೆ ವಾಲಿಸಿ ಹಿಡಿಯೂದಾದ್ರ ಎರಡು ಕಲ್ಲು, ಅದಕ್ಕೂ ಹೆಚ್ಚು ಆಗೂದಿಲ್ಲ. ನಾಳಿ ಬರ್ರಿ."

"ರಜಾ ಹಾಕಿ ಬಂದೀನ್ರಿ. ಒಂದ್ ನಿಮಿಷ ನೋಡಿ ಬಿಡ್ತೀನಿ."

ಕುರ್ಚಿಯಲ್ಲಿ ಕೂತಿದ್ದ ಮಾಲೀಕ ಮೊಬೈಲಿನಿಂದ ತಲೆ ಎತ್ತದೆ, "ತೋರಸೋ ದಾವಲ್ಯಾ, ಗಿರಾಕಿನ್ನ ಯಾಕ ವಾಪಸ್ ಕಳಸ್ತಿ?" ಎಂದ.

ದಾವಲಸಾಬರು ನನ್ನನ್ನು ಕಂಬದ ಹಿಂದೆ ನಿಲ್ಲಿಸಿದರು. ಒಂದನ್ನು ಮುಂದಕ್ಕೆ ವಾಲಿಸಿ ಭುಜ ಕೊಟ್ಟರು, ಎರಡನೆಯದನ್ನು ಅದಕ್ಕೆ ಆನಿಸಿದರು, ಆಮೇಲೆ ಮೂರನೆಯದನ್ನು. ಸಂದಿಯಲ್ಲಿ ಆ ಕೆಂಪು ಬಣ್ಣ ಕಂಡಿತು. ಚೆನ್ನಾಗಿ ನೋಡಬೇಕೆಂದು ನಾನು ಎರಡು ಹೆಜ್ಜೆ ಮುಂದೆ ಬಂದೆ. ಆಗ ನಾಲ್ಕನೆಯದು ಯಾರೂ ಮುಟ್ಟದೆ ತಾನೇ ಮುಂದಕ್ಕೆ ವಾಲಿ ಹೊರಟಿತು.

"ಬಾಜೂಕ ಸರಿ!" ಎಂದು ಕಿರುಚಿ ಅವರು ಮೊಣಕೈಯಿಂದ ನನ್ನ ಎದೆಗೆ ಹೊಡೆದರು. ನಾನು ಹಿಂದಕ್ಕೆ ಬಿದ್ದೆ. ಹಾರಿಕೊಳ್ಳಲು ಅವರಿಗಿದ್ದ ಹೊತ್ತು ಅದೇ, ಅದನ್ನು ನನಗಾಗಿ ಖರ್ಚು ಮಾಡಿದ್ದರು. ದೊಡ್ಡ ಸದ್ದೇನೂ ನನಗೆ ನೆನಪಿಲ್ಲ. ತುಂಬಿದ ಚೀಲ ನೆಲಕ್ಕೆ ಇಟ್ಟಂತಾಯಿತು, ಆಮೇಲೆ ಬಿಳಿ ಹುಡಿ, ಹುಡಿಯೊಳಗೆ ಅವರ ಕೆಮ್ಮು. ಇವತ್ತಿಗೂ ಕುಕ್ಕರ್ ಇಳಿಸುವಾಗ, ಕರಿಹಲಗೆಗೆ ಬೆನ್ನು ತಿರುಗಿಸುವಾಗ, ಆ ಎರಡು ಹೆಜ್ಜೆಯನ್ನು ನಾನು ಮತ್ತೆ ಮತ್ತೆ ಹಿಂದಕ್ಕೆ ಇಡುತ್ತೇನೆ. ಪ್ರತಿ ಸಲವೂ ಕಲ್ಲು ಬೀಳುತ್ತದೆ.

ದವಾಖಾನೆಯಲ್ಲಿ ಅವರ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ತಾನು ಬೇಡವೆಂದರೂ ಆಳು ತಾನಾಗಿ ಕಲ್ಲು ಎಳೆದ ಎಂದು ಮಾಲೀಕ ಪೊಲೀಸರ ಹತ್ತಿರ ಬರೆಸಿದ. ಕಂಡವಳು ನಾನೊಬ್ಬಳೇ. ತೋರಿಸೆಂದು ಹೇಳಿದ್ದು ಮಾಲೀಕನೇ ಎಂದು ಪೊಲೀಸರ ಮುಂದೆ ಗಟ್ಟಿಯಾಗಿಯೇ ಹೇಳಿದೆ. ಬರೆದುಕೊಳ್ಳುತ್ತಿದ್ದವನು, "ನೀವೇನರ ಒತ್ತಾಯ ಮಾಡಿದ್ರೇನ್ರಿ?" ಎಂದ.

"ಇಲ್ಲ" ಎಂದೆ.

ಎರಡು ತಿಂಗಳ ಮೇಲೆ ಅವರ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಕೂತಿದ್ದರು. ಹುಡಿ ಇಲ್ಲದ ಅವರ ಮುಖದ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಹೇಳಿಕೆ ಬದಲಿಸುತ್ತೇನೆ, ನಾನೇ ಕೇಳಿದ್ದೆನೆಂದು ಬರೆಸುತ್ತೇನೆ ಎಂದೆ.

"ಬ್ಯಾಡ್ರಿ" ಎಂದರು. "ಈಗ ಬದಲಿಸಿದ್ರ ನೀವು ಹೇಳಿದ್ದೆಲ್ಲಾ ಸುಳ್ಳು ಅಂತಾರ. ಮಾಲೀಕನೂ ಪಾರಾಗ್ತಾನ. ಗಿರಾಕಿ ಕೇಳೂದು ತಪ್ಪಲ್ರಿ, ಎಲ್ಲಾರೂ ಕೇಳ್ತಾರ. ಪೊಲೀಸರ ಮುಂದ ಇಲ್ಲ ಅಂದ್ರಲ್ಲ, ಅದು ಯಾಕಂತ ನನಗ ತಿಳೀಲಿಲ್ಲ." ಆಮೇಲೆ ದನಿ ಇಳಿಸಿದರು. "ಇನ್ನ ಬರಬ್ಯಾಡ್ರಿ ಅಕ್ಕಾರ. ಮನಿಯಾಕಿಗೆ ಇದ್ಯಾವುದೂ ಗೊತ್ತಿಲ್ಲ. ಒಬ್ಬ ಹೆಣ್ಮಗಳ ಜೀವ ಉಳಿಸ್ಯಾನಂತ ಓಣಿ ತುಂಬ ಹೇಳಕೋತ ತಿರಗ್ತಾಳ. ಅಷ್ಟರ ಇರ್ಲಿ."

ಅಷ್ಟರಲ್ಲಿ ಆಕೆ ಚಹಾ ತಂದರು. ನನ್ನ ತಲೆ ಸವರಿ, "ನೀ ಉಳಿದಿಯಲ್ಲವ್ವಾ, ಅಷ್ಟ ಸಾಕು. ಮುಂದಿನ ವಾರ ಮಕ್ಕಳನ್ನ ಕರಕೊಂಡು ಬಾ" ಎಂದರು.

ದಾವಲಸಾಬರು ರಸ್ತೆಯ ಕಡೆ ನೋಡುತ್ತಿದ್ದರು.

"ಬರ್ತೀನ್ರಿ" ಎಂದು ಆಕೆಗೆ ಹೇಳಿ, ಚಹಾ ಪೂರ್ತಿ ಕುಡಿದು ಎದ್ದೆ. ಮತ್ತೆ ಹೋಗಲಿಲ್ಲ.