ಮೂಳೆಗಳ ನಡುವೆ ಒಂದು ಕುರ್ಚಿ

ಟ್ರಿಣ್ ಎಂದು ಗಂಟೆ ಬಡಿಯಿತು. ರೋವೀನಾ ಬೆಚ್ಚಿ ಕಣ್ಣು ಬಿಟ್ಟಳು. ಶರೀರಶಾಸ್ತ್ರದ ಪರೀಕ್ಷೆ ನಡೆಯುತ್ತಿದ್ದ ಪ್ರಯೋಗಶಾಲೆಯಲ್ಲಿ ಎಲ್ಲರೂ ಒಂದೊಂದು ಮೇಜು ಮುಂದಕ್ಕೆ ಸರಿಯುತ್ತಿದ್ದರು. ಪ್ರತಿ ಮೇಜಿನ ಮೇಲೂ ಒಂದು ಮೂಳೆ. ಗಂಟೆ ಬಡಿಯುವುದರೊಳಗೆ ಅದರ ಹೆಸರು ಬರೆಯಬೇಕು, ಬಡಿದ ಕೂಡಲೇ ಎದ್ದು ಮುಂದಿನದಕ್ಕೆ ಹೋಗಬೇಕು. ನಡುವೆ ಒಂದು ಕಡೆ ಮಾತ್ರ ಮೂಳೆಯಿಲ್ಲ, ಬರೀ ಕುರ್ಚಿ. ಬರೆದದ್ದನ್ನು ತಿರುಗಿ ನೋಡಿಕೊಳ್ಳಲೆಂದು ಬಿಟ್ಟ ಜಾಗ. ಮೇಜುಗಳಿಗಿರುವಂತೆ ಆ ಕುರ್ಚಿಗೂ ಒಂದು ಸಂಖ್ಯೆ ಇರುತ್ತದೆ. ಉತ್ತರದ ಹಾಳೆಯಲ್ಲಿ ಅದರ ಸಾಲನ್ನು ಖಾಲಿ ಬಿಡಬೇಕು.

ರೋವೀನಾ ತಿರುಗಿ ನೋಡಿಕೊಂಡಿರಲಿಲ್ಲ. ಕುರ್ಚಿ ಸಿಕ್ಕಿತ್ತು, ಕೂತಿದ್ದಳು, ಕಣ್ಣು ಮುಚ್ಚಿತ್ತು. ಈಗ ಎದ್ದು ಮುಂದಿನ ಮೇಜಿನ ತೊಡೆಮೂಳೆಯನ್ನು ನೋಡಿದ ಕೂಡಲೇ ಗುರುತು ಹಿಡಿದು, ಹಾಳೆಯಲ್ಲಿ ಖಾಲಿ ಕಂಡ ಮೊದಲ ಸಾಲಿನಲ್ಲಿ ಬರೆದಳು.

ನಲವತ್ತರ ಹತ್ತಿರದ ಹೆಂಗಸು ಅವಳು. ಟೊಲೀಡೊ ಊರಿನ ವೃದ್ಧಾಶ್ರಮವೊಂದರಲ್ಲಿ ನಸುಕಿಗೇ ಹೋಗಿ ಮುದುಕರನ್ನು ಎಬ್ಬಿಸುವುದು, ಮೈ ತೊಳೆಯುವುದು, ಓಟ್ಸ್ ತಿನ್ನಿಸುವುದು ಅವಳ ಕೆಲಸ. ಅಲ್ಲಿಂದ ನೇರ ಕಾಲೇಜು. ನರ್ಸಿಂಗ್‌ಗೆ ಸೇರುವ ಮೊದಲು ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಇಷ್ಟನ್ನೂ ಮುಗಿಸಬೇಕು. ಬರೀ ಮುಗಿಸಿದರೆ ಸಾಲದು, ಒಳ್ಳೆಯ ಅಂಕ ಬೇಕು. ಬೇರೆಯವರು ಒಂದು ಸಲಕ್ಕೆ ಎರಡೆರಡು ವಿಷಯ ತೆಗೆದುಕೊಳ್ಳುತ್ತಾರೆ. ಕಾದು ಕಾದು ಸಾಕಾಗಿದ್ದ ರೋವೀನಾ ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡಿದ್ದಳು. ಓದಲು ಹೊತ್ತೆಲ್ಲಿ? ಆಶ್ರಮದ ಹಿರಿಯ ಹ್ಯಾಸ್ಕೆಲ್‌ಗೆ ಅಂಗಿ ತೊಡಿಸುತ್ತ ಅವನ ಮಣಿಕಟ್ಟಿನ ಮೂಳೆಗಳ ಹೆಸರನ್ನು ಒಂದೊಂದಾಗಿ ಒಪ್ಪಿಸುವಳು.

"ನನ್ನೊಂದು ಕೈಗೆ ಇಷ್ಟೊಂದು ಹೆಸರಾ?" ಎಂದು ಅವನು ನಗುವನು. "ಒಂದೊಂದಕ್ಕೂ ಬೇರೆ ಬೇರೆ ಬಿಲ್ ಹಾಕ್ಬೇಡಮ್ಮ ಮತ್ತೆ."

ಪರೀಕ್ಷೆ ಮುಗಿದು ಹೊರಬಂದಾಗ ಜೊತೆಯ ಹುಡುಗ ಡೆಸ್ಮಂಡ್ ಚುಡಾಯಿಸಿದ. "ಅಮ್ಮಾ, ಗೊರಕೆ ಕೇಳಿಸ್ತು. ಅಲ್ಲಿದ್ದ ಅಸ್ಥಿಪಂಜರಕ್ಕೂ ಎಚ್ಚರ ಆಯ್ತೇನೋ!"

"ಅದಕ್ಕೇನಪ್ಪ, ನಿಂತೇ ನಿದ್ದೆ ಮಾಡುತ್ತೆ. ಪುಣ್ಯವಂತ."

ಅಷ್ಟರಲ್ಲಿ ಮೇಷ್ಟ್ರು ಹಾಲ್ವರ್ಸನ್ ಬಾಗಿಲಲ್ಲಿ ಕಾಣಿಸಿಕೊಂಡು ಕರೆದರು. ಅವರ ಕೈಯಲ್ಲಿ ಅವಳ ಹಾಳೆ.

"ರೋವೀನಾ, ನಿಮ್ಮ ಲೆಕ್ಕದಲ್ಲಿ ಕುರ್ಚಿ ಅಂದ್ರೆ ತೊಡೆಮೂಳೆಯಾ?"

ಅವಳಿಗೆ ತಟ್ಟನೆ ಹೊಳೆಯಿತು. ತೊಡೆಮೂಳೆಯ ಸಾಲಿನಲ್ಲಿ ಮಂಡಿಚಿಪ್ಪು, ಮಂಡಿಚಿಪ್ಪಿನ ಸಾಲಿನಲ್ಲಿ ಕಣಕಾಲಿನ ಮೂಳೆ. ಕೊನೆಯವರೆಗೂ ಹಾಗೆಯೇ.

"ಹೆಸರು ಒಂದೂ ತಪ್ಪಿಲ್ಲ ಅಲ್ವಾ ಸರ್?"

"ಒಂದೂ ತಪ್ಪಿಲ್ಲ. ಆದ್ರೆ ಯಾವ ಸಾಲಲ್ಲಿದೆಯೋ ಅದಕ್ಕೇ ಅಂಕ. ನಿಮಗೊಂದು, ಉಳಿದವರಿಗೊಂದು ಮಾಡಕ್ಕಾಗಲ್ಲ ನಾನು."

"ಮಾಡಿ ಅಂತ ಕೇಳ್ತಾನೂ ಇಲ್ಲ."

ಅವರು ದನಿ ತಗ್ಗಿಸಿದರು. "ವಿಷಯ ಬಿಡೋದಕ್ಕೆ ಇವತ್ತೇ ಕೊನೆ ದಿನ. ಶರೀರಶಾಸ್ತ್ರ ಬಿಟ್ಬಿಡಿ. ಫೇಲು ಅಂತ ಬರಲ್ಲ. ಮುಂದಿನ ವರ್ಷ ಆರಾಮಾಗಿ ಮಾಡಿ."

"ಬಿಟ್ರೆ ಈ ಸಲ ನರ್ಸಿಂಗ್ ಸೀಟಿಗೆ ಅರ್ಜಿ ಹಾಕೋ ಹಾಗಿಲ್ಲ."

"ಹಾಕೋ ಹಾಗಿಲ್ಲ, ನಿಜ."

"ಬಿಡದೇ ಇದ್ದು, ಉಳಿದ ಪರೀಕ್ಷೇಲಿ ಒಂದೂ ತಪ್ಪು ಮಾಡ್ದೇ ಬರೆದ್ರೆ?"

ಹಾಲ್ವರ್ಸನ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ಸೀಟಿಗೆ ಸಾಕಾಗೋಷ್ಟು ಅಂಕ ಬರಬಹುದು. ಅದೂ ಅಂಚಿನಲ್ಲಿ, ಅಷ್ಟೇ. ಆದ್ರೆ ನಿಮ್ಮ ಕಣ್ಣು ನೋಡ್ಕೊಂಡಿದ್ದೀರಾ? ಇಷ್ಟು ವರ್ಷದಲ್ಲಿ ಆ ಕುರ್ಚಿ ಮೇಲೆ ನಿದ್ದೆ ಹೋದವರು ನೀವೊಬ್ಬರೇ."

"ಅದು ಮೆತ್ತಗೇನೂ ಇಲ್ಲ ಸರ್," ಎಂದಳು ರೋವೀನಾ. ಚೀಲವನ್ನು ನೋಯುತ್ತಿದ್ದ ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಕಾರಿಡಾರಿನ ಆ ತುದಿಯಲ್ಲಿ ರಸಾಯನಶಾಸ್ತ್ರದ ತರಗತಿಯ ಬಾಗಿಲು ಮುಚ್ಚುವುದರಲ್ಲಿತ್ತು.

"ನಾನು ಹೇಳೋದು ಏನಂದ್ರೆ, ಇದರಲ್ಲಿ ನಾಚಿಕೆ ಪಡೋದೇನಿಲ್ಲ, ಸಂಜೆವರೆಗೂ ಯೋಚನೆ ಮಾಡಿ, ಮನೆಗೆ ಹೋಗಿ ಸ್ವಲ್ಪ ಮಲಗಿ..."

ಗೋಡೆಗೆ ಒರಗಿದ್ದ ಬೆಂಚು ಖಾಲಿಯಿತ್ತು. ಅದರ ಕಡೆ ತಿರುಗದೆ, "ಯಾವುದನ್ನೂ ಬಿಡಲ್ಲ ಸರ್," ಎನ್ನುತ್ತ ರೋವೀನಾ ಆಗಲೇ ಆ ಬಾಗಿಲಿನತ್ತ ನಡೆಯುತ್ತಿದ್ದಳು. ಹಿಂದೆ ಮೇಷ್ಟ್ರು ಇನ್ನೂ ಏನೋ ಹೇಳುತ್ತಲೇ ಇದ್ದರು.