ತೊಟ್ಟಿಯ ತಡಿಕೆ ತೆಗೆದವರು

ಜಿಂಕೆಯನ್ನು ಅಟ್ಟಿಸಿಕೊಂಡು ಬಂದು ನಮ್ಮ ಚಿಕ್ಕಪ್ಪನ ಹಿತ್ತಲ ತೊಟ್ಟಿಗೆ ಕೆಡವಿದವನು ಹಾಡಿಯ ಅಜ್ಜನೇ ಎಂದು ಊರಿನವರು ಈಗಲೂ ಹೇಳುತ್ತಾರೆ. ಸಾಕ್ಷಿ ಏನು ಎಂದು ಕೇಳಿದರೆ ಎರಡು ಕೊಡುತ್ತಾರೆ. ಒಂದು, ಜಿಂಕೆ ಅವನ ಹೆಗಲ ಮೇಲಿತ್ತು. ಇನ್ನೊಂದು, "ತಾನೇ ಒಪ್ಕಂಡನಲ್ಲ ಕಣವ್ವ, ಇನ್ನೇನ್ ಬೇಕು?" ಮೊದಲನೆಯದು ವಾದವೇ ಅಲ್ಲ, ಮುಳುಗಿದ್ದನ್ನು ಎತ್ತಿದವನ ಹೆಗಲ ಮೇಲೂ ಅದು ಇರುತ್ತದೆ. ಎರಡನೆಯದು ನಿಜ. ಅವನು ಒಪ್ಪಿಕೊಂಡದ್ದನ್ನು ನಾನೇ ನಿಂತು ಕೇಳಿದ್ದೇನೆ. ಏನನ್ನು ಒಪ್ಪಿಕೊಂಡ ಎಂದು ಮಾತ್ರ ಊರಿನಲ್ಲಿ ಯಾರೂ ಕೇಳುವುದಿಲ್ಲ.

ಚಿಕ್ಕಪ್ಪನ ಊರು ಎನ್. ಬೇಗೂರಿನ ಕಡೆ. ಹಿತ್ತಲು ದಾಟಿ ಎರಡು ಹೊಲ ಕಳೆದರೆ, ಆನೆ ದಾಟದಂತೆ ತೋಡಿದ ಕಾಡಿನ ಕಂದಕ. ಹೊಗೆಸೊಪ್ಪಿನ ಹುಚ್ಚು ಅವರಿಗೆ ಹತ್ತಿದ್ದು ಚಿಕ್ಕಮ್ಮನ ತವರಾದ ರಾವಂದೂರಿನಿಂದ. ಈಜುಕೊಳದ ಹುಚ್ಚು ಮೈಸೂರಿನಿಂದ. ಯಾರದೋ ಬಂಗಲೆಯ ಹಿತ್ತಲಲ್ಲಿ ಮಕ್ಕಳು ಈಜುವುದನ್ನು ನೋಡಿ ಬಂದವರು, ಹೊಗೆಸೊಪ್ಪಿನ ಸಸಿಮಡಿಗೆಂದು ಕಟ್ಟಿಸಬೇಕಿದ್ದ ತೊಟ್ಟಿಯನ್ನು ಆಳುದ್ದ ತೋಡಿಸಿ, ಬಾಯಿಯನ್ನು ನೆಲದ ಮಟ್ಟಕ್ಕೇ ಬಿಟ್ಟು, ಗೋಡೆಗೆ ನುಣ್ಣಗೆ ಸಿಮೆಂಟು ಹೊಡೆಸಿದರು. ಮಕ್ಕಳು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅದರಲ್ಲಿ ಈಜು ಕಲಿತರು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಕಾಡಿನವೂ ಅಲ್ಲಿಗೇ ಬರುತ್ತಿದ್ದವು. ಕಪ್ಪೆ, ಚೇಳು, ಜೇನುನೊಣ, ಅಳಿಲು, ಮುಂಗುಸಿ. ಒಂದು ಬೆಳಿಗ್ಗೆ ಮುಳ್ಳುಹಂದಿ. ಬಗ್ಗಿ ನೀರು ಕುಡಿಯಲು ಹೋಗಿ ಬೀಳುತ್ತಿದ್ದವು. ಬಿದ್ದ ಮೇಲೆ ಆ ಗೋಡೆ ಹತ್ತಲು ಯಾವುದರ ಉಗುರಿಗೂ ಹಿಡಿತವಿರಲಿಲ್ಲ.

ಅದಕ್ಕೆ ಉಪಾಯ ಮಾಡಿದವನು ಅಜ್ಜ. ಅಜ್ಜ ಎಂದರೆ ನಮ್ಮ ಸಂಬಂಧಿಯಲ್ಲ. ಕಂದಕದಂಚಿನ ಹಾಡಿಯಿಂದ, ಎಂದರೆ ಕಾಡುಜನರ ಕೇರಿಯಿಂದ, ಸಸಿಮಡಿಗೆ ನೀರು ಹಾಕಲು ಬರುತ್ತಿದ್ದ ಮುದುಕ. ಬಿದಿರು ಸೀಳಿ ಬಾಗಿಲಗಲದ ತಡಿಕೆ ಹೆಣೆದು, ಒಂದು ತುದಿಗೆ ಕಲ್ಲು ಕಟ್ಟಿ, ತೊಟ್ಟಿಯ ಅಂಚಿನಿಂದ ತಳಕ್ಕೆ ಓರೆಯಾಗಿ ಇಳಿಬಿಟ್ಟಿದ್ದ. ಹಾಡಿಯವರು ನೀರಿನ ಗುಂಡಿ ತೋಡಿದ ಕಡೆಯೆಲ್ಲ ಹೀಗೆ ಇಡುತ್ತಾರಂತೆ. ಬಿದ್ದದ್ದು ಅದನ್ನು ಹಿಡಿದು ಹತ್ತಿ ಹೋಗುತ್ತಿತ್ತು. ಅಂಚಿನ ಕೆಸರಿನ ಹೆಜ್ಜೆ ನೋಡಿ ಅಜ್ಜ, ನೆಂಟರು ಬಂದುಹೋದ ಹಾಗೆ, ಇಂಥವರು ಬಂದಿದ್ದರು ಎಂದು ಹೇಳುತ್ತಿದ್ದ.

ಅವನ ಒಬ್ಬಳೇ ಮಗಳನ್ನು ಕೊಟ್ಟದ್ದು ಕಾಡಿನೊಳಗಿನ ಇನ್ನೊಂದು ಹಾಡಿಗೆ. ವಾರಕ್ಕೊಮ್ಮೆ ಕಂದಕ ದಾಟಿ ಹೋಗಿ ಅವಳನ್ನು ನೋಡಿಕೊಂಡು ಬರುತ್ತಿದ್ದ. ಕಾಡಿನ ಹೊಸ ಕಾನೂನು ಬಂದ ಮೇಲೆ ಹಾಗೆ ದಾಟಲು ಕಾಡು ಕಾಯುವ ಗಾರ್ಡಿನ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆ ಬರೀ ಬಾಯಿಮಾತು. ಅದು ಹೋದರೆ ಮಗಳ ಮುಖವೂ ಹೋದಂತೆ. ಇದು ಅವನಿಗೂ ಗೊತ್ತಿತ್ತು, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಬೇಸಿಗೆ ರಜೆಗೆ ನಾನು ಮೈಸೂರಿನ ಕಾಲೇಜಿನಿಂದ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಪಾರಿತೋಷಕದ ಸಮೇತ ಬಂದಿಳಿದಿದ್ದೆ. ಎದುರಿಗೆ ಸಿಕ್ಕವರ ಜೊತೆಯೆಲ್ಲ ವಾದ. ಒಂದು ದಿನ ಚಿಕ್ಕಪ್ಪನ ಕಿರಿಮಗಳು ಬುರುಡೆ ಕಟ್ಟಿಕೊಂಡು ನೀರಿಗಿಳಿಯಲು ಹೋದರೆ ತಡಿಕೆಯ ಮೇಲೆ ಕೇರೆಹಾವು ಮಲಗಿತ್ತು. ಹುಡುಗಿಯ ಕಿರುಚಾಟಕ್ಕೆ ಕೊಟ್ಟಿಗೆಯ ದನವೆಲ್ಲ ಎದ್ದು ನಿಂತವು. ಇನ್ನು ಈಜು ಬಂದ್ ಎಂದಳು ಚಿಕ್ಕಮ್ಮ. ನನಗೊಂದು ವಿಷಯ ಸಿಕ್ಕಿತು.

"ಅಜ್ಜ, ಹತ್ತೋ ದಾರೀಲಿ ಇಳಿಯೋಕೂ ಆಗುತ್ತಲ್ವಾ? ನೀನು ತಡಿಕೆ ಇಟ್ಟಿರೋದಕ್ಕೇ ಇವೆಲ್ಲ ಬರ್ತಿರೋದು" ಎಂದೆ.

"ಬಾಯಾರಿದ್ದು ತಡಿಕೆ ನೋಡ್ಕಂಡ್ ಬತ್ತದಾ ಅವ್ವಾ? ನೀರು ನೋಡ್ಕಂಡ್ ಬತ್ತದೆ."

"ಅದು ನಿನ್ನ ನಂಬಿಕೆ. ಸಾಕ್ಷಿ ಎಲ್ಲಿ?"

"ಸಿಗಾಕ್ಕಂಡೆ ಕಣ್ಲಾ ಮುದುಕ" ಎಂದು ಚಿಕ್ಕಪ್ಪ ಜಗುಲಿಯ ಮೇಲಿಂದ ನಕ್ಕರು. "ನಮ್ ಲಾಯರಮ್ಮ ಇಡುದ್ರೆ ಬುಡಾಕಿಲ್ಲ."

ಪರೀಕ್ಷೆ ಮಾಡೋಣ ಎಂದೆ. ಮೂರು ದಿನ ತಡಿಕೆ ಇಟ್ಟು, ಮೂರು ದಿನ ತೆಗೆದು ನೋಡುವುದು. ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದೆ. ತಡಿಕೆ ಇದ್ದ ದಿನಗಳ ಕಡೆ ತುಂಬಿಹೋಯಿತು: ಕಪ್ಪೆಗಳು, ಓತಿಕ್ಯಾತ, ಚೇಳು, ಮತ್ತೆ ಅದೇ ಕೇರೆ. ಇಲ್ಲದ ಮೂರು ಬೆಳಿಗ್ಗೆಯೂ ಆ ಹಸಿರು ನೀರಿನ ಮೇಲೆ ನಾಲ್ಕು ನೊಣ ಬಿಟ್ಟರೆ ಏನೂ ಇರಲಿಲ್ಲ. ನೋಟ್‌ಬುಕ್ಕನ್ನು ಎಲ್ಲರಿಗೂ ತೋರಿಸಿದೆ.

ಅಜ್ಜ ಅದನ್ನು ನೋಡಲಿಲ್ಲ, ನೀರನ್ನು ನೋಡಿದ. "ಮ್ಯಾಗಡೆ ಬರ್ಕಂಡ್ರಿ. ತಳ ನೋಡುದ್ರಾ ಅವ್ವಾ?"

"ಸತ್ತಿದ್ರೆ ತೇಲಬೇಕಿತ್ತಲ್ಲ ಅಜ್ಜ!"

ಮನೆಯವರೆಲ್ಲ ಕೈತಟ್ಟಿದರು. ಸತ್ತದ್ದು ಮೊದಲು ಮುಳುಗುತ್ತದೆ, ಊದಿದ ಮೇಲೆ ತೇಲುತ್ತದೆ ಎಂಬುದು ಹಳ್ಳದ ದಂಡೆಯಲ್ಲಿ ಬೆಳೆದ ಅವನಿಗೆ ಗೊತ್ತಿರಲೇಬೇಕು. ಆದರೆ ಅವನು ಮುಂದೆ ಮಾತಾಡಲಿಲ್ಲ. ಮಾತು ನಿಲ್ಲಿಸಿದವನು ಸೋತ ಎಂದು ನಾನು ಎಣಿಸಿದೆ. ತೆಗೆದು ದಡದಲ್ಲಿಟ್ಟಿದ್ದ ತಡಿಕೆಯನ್ನು ಚಿಕ್ಕಮ್ಮ ಅಂದೇ ಮುರಿದು ಬಚ್ಚಲ ಒಲೆಗೆ ಹಾಕಿದಳು. ಆ ಒಲೆಯ ಬಿಸಿನೀರನ್ನೇ ನಾನು ತಲೆಗೆ ಹಾಕಿಕೊಂಡೆ.

ಎರಡು ದಿನ ಕಳೆದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಹೋದಾಗ ಅಜ್ಜ ಎದೆಮಟ್ಟದ ನೀರಿನಲ್ಲಿದ್ದ. ತೊಟ್ಟಿಯ ನಾಲ್ಕೂ ಗೋಡೆಯ ಪಾಚಿ ಒಂದೇ ಎತ್ತರದಲ್ಲಿ ಕೆರೆದುಹೋಗಿತ್ತು. ಬಿಟ್ಟ ಜಾಗವೇ ಇಲ್ಲ. ಇನ್ನೂ ಕೋಡು ಮೂಡದ ಜಿಂಕೆ. ಎಷ್ಟು ಸುತ್ತು ಈಜಿತ್ತೋ. ಅದನ್ನು ಹೆಗಲಿಗೆ ಹಾಕಿಕೊಂಡು, ತೆಂಗಿನ ಹಗ್ಗ ಹಿಡಿದು ಅವನು ಮೇಲೆ ಬರುವುದಕ್ಕೂ, ದಿನದಂತೆ ಕಾಫಿಗೆಂದು ಗಾರ್ಡು ಹಿತ್ತಲ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಏನ್ಲಾ ಮುದುಕ, ಬೆಳಗಾನೆ ಬೇಟೆ ಜೋರಾ?"

"ಬೇಟೆ ಅಲ್ಲ ಬುದ್ಧೀ. ಬಿದ್ದು ಸತ್ತದೆ."

"ಬಿದ್ದುದ್ದು ಮ್ಯಾಕ್ಕೆ ಅತ್ಕಂಡು ಓಯ್ತಿತ್ತಲ್ಲ. ಇಲ್ಲೊಂದು ತಡಿಕೆ ಇತ್ತು, ನಾನೇ ನೋಡಿವ್ನಿ. ಎಲ್ಲಿ ಅದು? ತಗ್ದೋರ್ಯಾರು?"

ಚಿಕ್ಕಪ್ಪ ಕಾಫಿ ಲೋಟದೊಳಕ್ಕೆ ನೋಡುತ್ತ, "ಆಳ್ಗಳ ಕೆಲ್ಸ ಕಣ್ರೀ, ನಂಗೇನ್ ಗೊತ್ತು" ಎಂದರು. ಚಿಕ್ಕಮ್ಮ ಒಳಗೆ ಹೋದಳು. ಅಜ್ಜ ನನ್ನ ಕಡೆ ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ಗಾರ್ಡಿನ ಕಡೆ ತಿರುಗಿ, "ನಾನೇ ಬುದ್ಧೀ. ಈ ಕೈಲೇ ತಗ್ದೆ" ಎಂದ.

ಅವನು ಒಪ್ಪಿಕೊಂಡದ್ದು ಇಷ್ಟೇ. ಸುಳ್ಳೂ ಅಲ್ಲ: ಪರೀಕ್ಷೆಗೆಂದು ತೆಗೆಯಲು ನಾನು ಹೇಳಿದ್ದೆ, ಚಿಕ್ಕಪ್ಪ ಹೂಂ ಅಂದಿದ್ದರು, ತೆಗೆದದ್ದು ಅವನ ಕೈ. ನನ್ನ ಬಾಯಲ್ಲಿ ಹಲ್ಲುಪುಡಿಯ ನೊರೆ ಇತ್ತು. ಅದನ್ನು ಉಗುಳಿ ಒಂದು ಮಾತು ಹೇಳಬಹುದಿತ್ತು. ಚರ್ಚಾಸ್ಪರ್ಧೆಯಲ್ಲಾದರೆ ಪರವೋ ವಿರೋಧವೋ ಎಂದು ಯಾರಾದರೂ ಮೊದಲೇ ಹೇಳಿರುತ್ತಾರೆ. ಆ ಬೆಳಿಗ್ಗೆ ಯಾರೂ ಹೇಳಲಿಲ್ಲ. ನಾನು ನೊರೆಯನ್ನು ನುಂಗಿದೆ.

ಅವನನ್ನು ಅರಣ್ಯ ಇಲಾಖೆಯವರು ಕರೆದುಕೊಂಡು ಹೋದರು. ಅದೇ ಮಧ್ಯಾಹ್ನ ಚಿಕ್ಕಪ್ಪ ತೊಟ್ಟಿ ಖಾಲಿ ಮಾಡಿಸಿದರು. ತಳದ ಕೆಸರಿನಲ್ಲಿ ಸತ್ತು ಹೂತುಹೋದ ಕಪ್ಪೆಗಳು, ಎರಡು ಅಳಿಲು, ಒಂದು ಮುಂಗುಸಿ ಮರಿ. ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದದ್ದೆಲ್ಲ ಅಲ್ಲಿ ಬಿದ್ದಿತ್ತು. ರಾತ್ರಿ ಊಟದಲ್ಲಿ ಚಿಕ್ಕಪ್ಪನಿಗೆ ಹೇಳಿದೆ, ನಾಳೆ ಹೋಗಿ ನಿಜ ಹೇಳಿ ಬರೋಣ ಎಂದು.

"ತೊಟ್ಟಿ ನಂದು ಕಣವ್ವ. ನಿಜ ಹೇಳುದ್ರೆ ಕೇಸು ನನ್ ಮ್ಯಾಲೆ ಬತ್ತದೆ. ಅವ್ನುನ್ನ ಬುಡ್ತಾರೆ ಬುಡು."

ಬಿಟ್ಟರು, ಆರನೆಯ ದಿನ. ಕಂದಕ ದಾಟಬಾರದು ಎಂದು ಹೇಳಿ ಬಿಟ್ಟರು. ಚಿಕ್ಕಪ್ಪ ಬೇರೆಯವರ ಕೈಲಿ ಹೊಸ ತಡಿಕೆ ಹೆಣೆಸಿ ತೊಟ್ಟಿಗೆ ಇಡಿಸಿದರು, ಹಳೆಯದಕ್ಕಿಂತ ಗಟ್ಟಿಯಾದದ್ದು. ಕೇರೆ ಅದರ ಮೇಲೂ ಬಂದು ಮಲಗಿತು. ಮಗಳು ಒಂದು ಸಲ ಕೂಸನ್ನು ಎತ್ತಿಕೊಂಡು ಕಂದಕದ ಆಚೆ ದಡದವರೆಗೆ ಬಂದಿದ್ದಳಂತೆ. ಈಚೆಯಿಂದ ಆಚೆಗೆ ಏನು ಮಾತಾಡಿಕೊಂಡರೋ ತಿಳಿಯದು. ಮಳೆಗಾಲದ ಹೊತ್ತಿಗೆ ಒಳಗಿನ ಆ ಹಾಡಿಯನ್ನೇ ಎಬ್ಬಿಸಿದರು. ಮಗಳ ಮನೆಯವರು ಕೇರಳದ ಕಡೆ ಹೋದರು ಎಂದವರುಂಟು, ಇಲ್ಲ ಎಂದವರೂ ಉಂಟು.

ಮುಂದಿನ ರಜೆಯಲ್ಲಿ ಹುಡುಕಿಕೊಂಡು ಹೋದೆ. ಅಜ್ಜ ಕಂದಕದ ಈಚೆ ದಡದಲ್ಲಿ ಕಾಡಿಗೆ ಮುಖ ಮಾಡಿ ಕೂತು ಬಿದಿರು ಸೀಳುತ್ತಿದ್ದ. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಕೂತಾಗ ಬಂದದ್ದು ಬೇರೆ.

"ಅಜ್ಜ, ಗಾರ್ಡು ಕೇಳಿದಾಗ ನೀನು ನನ್ನ ಕಡೆ ನೋಡಿದೆಯಲ್ಲ. ನಾನು ಬಾಯಿ ಬಿಡಲಿ ಅಂತ ನೋಡಿದೆಯೋ, ಬಿಡದೇ ಇರಲಿ ಅಂತಲೋ?"