ಪಕ್ಕದ ಮನೆಯ ಇಮಾಂ ಪಸಂದ್

ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರಿಗೆ ಹಿತ್ತಲಿನ ಇಮಾಂ ಪಸಂದ್ ಮಾವಿನ ಗಿಡವೇ ಪ್ರಪಂಚ. ಯಾರಾದರೂ ಅದರ ಹತ್ತಿರ ಸುಳಿದರೆ ಸಾಕು, "ರೈಟ್, ರೈಟ್, ಮುಂದಕ್ಕೋಗ್ರಪ್ಪ" ಎಂದು ಕೈ ಬೀಸುತ್ತಿದ್ದರು. ಆ ವರ್ಷ ಗಿಡ ಮೊದಲ ಸಲ ಕಾಯಿ ಬಿಟ್ಟಿತು, ಅದೂ ಒಂದೇ ಒಂದು. ಅಳಿಲು ಕಚ್ಚದಂತೆ ತಮ್ಮ ಹಳೆಯ ಖಾಕಿ ಅಂಗಿಯ ತೋಳನ್ನು ಕತ್ತರಿಸಿ ಅದಕ್ಕೆ ತೊಡಿಸಿದರು. ಬಲಿತ ಮೇಲೆ ಕಿತ್ತು, ಅಡುಗೆಮನೆಯಲ್ಲಿ ಹುಲ್ಲಿನೊಳಗೆ ಹಣ್ಣಿಗಿಟ್ಟರು. ಈ ಜಾತಿ ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುತ್ತದೆ.

ರುಚಿ ನೋಡಲೆಂದು ನನ್ನನ್ನು ಊಟಕ್ಕೆ ಕರೆದ ದಿನವೇ ಅವರ ಅತ್ತೆ ಕಲ್ಯಾಣದುರ್ಗದಿಂದ ಬಂದಿದ್ದರು. ಅಡುಗೆಯೂ ಅವರದೇ. ಕಂಡಕ್ಟರು ಅನ್ನಕ್ಕೆ ಬೇಳೆಯ ಪಪ್ಪು ಕಲಸಿ ಎರಡು ತುತ್ತು ನುಂಗಿ, "ಅತ್ತಮ್ಮಾ, ಪಪ್ಪು ಯಾಕೋ ಸೀ ಐತಲ್ಲ?" ಎಂದರು.

"ಹುಲ್ನಾಗೆ ಒಂದು ಹಸ್ರು ಮಾವಿನಕಾಯಿ ಬಿದ್ದಿತ್ತು ನಾಯನಾ. ಕೆಟ್ಟೋಯ್ತದೆ ಅಂತ ಬೇಳೆಗೆ ಹಾಕ್ಬುಟ್ಟೆ. ಒಂಚೂರೂ ಹುಳಿ ಇಲ್ಲ, ಅದೇನು ಜಾತೀನೋ!"

ಕಂಡಕ್ಟರ ಕೈ ತಟ್ಟೆಯಲ್ಲೇ ನಿಂತಿತು. ಹೆಣ್ಣು ಕೊಟ್ಟ ಅತ್ತೆಯನ್ನು ಬಯ್ಯುವಂತಿಲ್ಲ. ನಾನು ಮೆಲ್ಲಗೆ ಪಪ್ಪಿನ ಪಾತ್ರೆಗೆ ಕೈ ಚಾಚಿದೆ. ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಹೇಳಿದರು:

"ನಿಂಗೆ ಸಾರು ಐತೆ ಕಣಪ್ಪ."